ಸಿಮ್ ಬದಲಿಸಿದರೆ ನಮ್ಮ ತೋಟದ ಮನೆಗೆ ಸಿಗ್ನಲ್ ಬರುತ್ತಾ?

ಓದುಗರ ಪ್ರಶ್ನೆ: "ಸರ್, ನಮ್ಮದು ಮೂಡಿಗೆರೆ ತಾಲ್ಲೂಕು, ಕೊಟ್ಟಿಗೆಹಾರದಿಂದ ನಾಲ್ಕು ಕಿಲೋಮೀಟರ್ ಒಳಗೆ. ಗುಡ್ಡದ ಬುಡದಲ್ಲಿ ತೋಟದ ಮನೆ. ನಾನು, ಯಜಮಾನರು, ಎಂಬತ್ತು ದಾಟಿದ ಅತ್ತೆ ಇದ್ದೇವೆ. ಮಗ ಬೆಂಗಳೂರಿನಲ್ಲಿ. ಮೊದಲು ಮನೆಯೊಳಗೇ ಎರಡು ಕಡ್ಡಿ ಸಿಗ್ನಲ್ ಇರುತ್ತಿತ್ತು. ಹೋದ ವರ್ಷ ತಾರಸಿ ಸೋರುತ್ತದೆ ಅಂತ ಮೇಲೆ ಶೀಟ್ ಹಾಕಿಸಿದೆವು. ಆ ಮಳೆಗಾಲದಿಂದ ಈಚೆಗೆ ಮಾತಾಡಬೇಕಾದರೆ ಕಣಕ್ಕೇ ಬರಬೇಕು. ಜುಲೈನಲ್ಲಿ ಮೂರು ದಿನ ಫೋನೇ ಇರಲಿಲ್ಲ. ಅತ್ತೆಗೆ ಉಸಿರಾಟದ ತೊಂದರೆ ಇದೆ, ರಾತ್ರಿ ಏನಾದರೂ ಆದರೆ ಅಂತ ಭಯ. ಪಕ್ಕದ ತೋಟದವರು ಬೇರೆ ಕಂಪನಿ ಸಿಮ್ಮಿನಲ್ಲಿ ಜಗಲಿ ಮೇಲೆ ಕೂತು ವಿಡಿಯೊ ಕಾಲ್ ಮಾಡುತ್ತಾರೆ, ನೀವೂ ಪೋರ್ಟ್ ಮಾಡಿಸಿ ಅನ್ನುತ್ತಾರೆ. ಮಗ 5ಜಿ ಫೋನ್ ಕೊಡಿಸ್ತೀನಿ, ಎಲ್ಲ ಸರಿ ಹೋಗುತ್ತೆ ಅನ್ನುತ್ತಾನೆ. ಪೇಟೆ ಅಂಗಡಿಯವರು ಬೂಸ್ಟರ್ ಹಾಕಿಸಿ ಅಂದರು. ನಂಬರ್ ಹದಿನೈದು ವರ್ಷದ್ದು. ಆಧಾರ್, ಬ್ಯಾಂಕು, ಗ್ಯಾಸು ಎಲ್ಲ ಅದಕ್ಕೇ ಸೇರಿದೆ. ಸಿಮ್ ಇನ್ನೂ ತೀರಿಕೊಂಡ ಮಾವನವರ ಹೆಸರಿನಲ್ಲೇ ಇದೆ. ಅತ್ತೆಯ ಹತ್ತಿರ ಬೇರೆ ಬಟನ್ ಫೋನ್ ಇದೆ, ಅದಕ್ಕೂ ನಮ್ಮದೇ ಕಂಪನಿಯ ಸಿಮ್. ಈಗ ಮೇ ತಿಂಗಳು. ಮಳೆ ಹಿಡಿಯುವ ಮೊದಲು ಏನು ಮಾಡಲಿ?"

ಉತ್ತರ:

ನಿಮ್ಮ ಪತ್ರ ಎರಡು ಸಲ ಓದಿದೆ. ನೀವು ಕೇಳಿರುವುದು ಸಿಮ್ ಬದಲಿಸಲಾ ಬೇಡವಾ ಅಂತ. ಆದರೆ ನಿಮಗೆ ಬೇಕಿರುವುದು ಅದಲ್ಲ. ಆಷಾಢದ ಮಳೆ ಸುರಿಯುವಾಗ, ಕರೆಂಟ್ ಇಲ್ಲದ ರಾತ್ರಿಯಲ್ಲಿ, ಮನೆಯೊಳಗಿಂದಲೇ ಒಂದು ಫೋನ್ ಹೋಗಬೇಕು. ಅಷ್ಟೇ ಅಲ್ವಾ? ಹಾಗಾದರೆ ಮೊದಲು ಒಂದು ಮಾತು. ನಿಮ್ಮ ಮನೆಯಲ್ಲಿ ಒಂದಲ್ಲ, ಎರಡು ತೊಂದರೆ ಇವೆ. ಮನೆಯೊಳಗೆ ಸಿಗ್ನಲ್ ಸಿಗದಿರುವುದು ಒಂದು. ಮಳೆಗಾಲದಲ್ಲಿ ದಿನಗಟ್ಟಲೆ ನೆಟ್‌ವರ್ಕೇ ಇಲ್ಲದಿರುವುದು ಇನ್ನೊಂದು. ಎರಡಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಪೋರ್ಟ್ ಮಾಡಿಸಿದರೆ, ಅಂದರೆ ನಂಬರ್ ಅದೇ ಇಟ್ಟುಕೊಂಡು ಕಂಪನಿ ಬದಲಿಸಿದರೆ, ಮೊದಲನೆಯದು ಸರಿಹೋಗಬಹುದು. ಎರಡನೆಯದಕ್ಕೆ ಅದರಿಂದ ಏನೂ ಆಗದೇ ಇರಬಹುದು.

ನಾನು ಇಪ್ಪತ್ತಕ್ಕೂ ಹೆಚ್ಚು ವರ್ಷ ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಸಿಗ್ನಲ್ ಅಳೆಯುವ ಕೆಲಸ ಮಾಡಿದ್ದೇನೆ. ಕಳಸ, ಬಾಳೆಹೊನ್ನೂರು, ಬಿಸಿಲೆ, ಹೆತ್ತೂರು, ಎಲ್ಲ ಕಡೆ ಮೀಟರ್ ಹಿಡಿದು ತಿರುಗಿದ್ದೇನೆ. ಯಾವ ಕಂಪನಿ ಒಳ್ಳೆಯದು ಸರ್ ಅಂತ ನನ್ನನ್ನು ಕೇಳದ ಮನೆ ಇಲ್ಲ. ಮಲೆನಾಡಿನಲ್ಲಿ ಆ ಪ್ರಶ್ನೆಗೆ ಉತ್ತರ ಇಲ್ಲ. ಕಂಪನಿ ಯಾವುದು ಅನ್ನುವುದಕ್ಕಿಂತ ನಿಮ್ಮ ಮನೆ ಯಾವ ಗುಡ್ಡದ ಯಾವ ಮಗ್ಗುಲಲ್ಲಿದೆ ಅನ್ನುವುದು ಮುಖ್ಯ.

ಮೊದಲು ಶೀಟ್ ವಿಚಾರ. ಪತ್ರದಲ್ಲಿ ನೀವು ಅದನ್ನು ಹಾಗೇ ಹೇಳಿಕೊಂಡು ಮುಂದೆ ಹೋಗಿದ್ದೀರಿ. ನನಗೆ ಅದೇ ಎದ್ದು ಕಂಡಿತು. ಗುಡ್ಡದ ಬುಡದ ಮನೆಗೆ ಸಿಗ್ನಲ್ ಎದುರಿನಿಂದ ನೇರವಾಗಿ ಬರುವುದಿಲ್ಲ. ಗುಡ್ಡದ ನೆತ್ತಿಗೆ ತಾಗಿ, ಬಾಗಿ, ಮೇಲಿಂದ ಇಳಿಯುತ್ತದೆ. ಅಂದರೆ ಅದು ಮನೆಯೊಳಗೆ ಬರುವ ದಾರಿ ಹೆಚ್ಚಾಗಿ ಮಾಡಿನ ಕಡೆಯಿಂದ. ಹೆಂಚು ಸಿಗ್ನಲ್ಲನ್ನು ಸ್ವಲ್ಪ ತಿನ್ನುತ್ತದೆ. ಕಾಂಕ್ರೀಟ್ ಜಾಸ್ತಿ ತಿನ್ನುತ್ತದೆ. ಲೋಹದ ಶೀಟ್ ತಿನ್ನುವುದಲ್ಲ, ಬಂದದ್ದನ್ನು ಕನ್ನಡಿಯ ಹಾಗೆ ಬಂದ ದಾರಿಗೇ ವಾಪಸ್ ಕಳಿಸುತ್ತದೆ. ಮಲೆನಾಡಿನಲ್ಲಿ ಈಗ ತಾರಸಿ ಮನೆಗೆಲ್ಲ ಮಳೆಗೆ ಹೆದರಿ ಶೀಟ್ ಹೊದಿಸುತ್ತಾರೆ. ಅದು ತಪ್ಪಲ್ಲ, ಸೋರುವ ಮನೆಯಲ್ಲಿ ಇರುವುದಕ್ಕೆ ಆಗುತ್ತಾ? ಆದರೆ ಶೀಟ್ ಹಾಕಿಸಿದ ವರ್ಷವೇ "ಕಂಪನಿ ನೆಟ್‌ವರ್ಕ್ ಕೆಟ್ಟುಹೋಯಿತು" ಅನ್ನುವ ಮಾತನ್ನು ನಾನು ಎಷ್ಟೋ ಮನೆಯಲ್ಲಿ ಕೇಳಿದ್ದೇನೆ.

ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆಯ ಒಂದು ಮನೆ ನೆನಪಾಗುತ್ತದೆ. ಅಡಿಗೆಮನೆ ಕಿಟಕಿಯ ಸರಳಿಗೆ ಹಳೇ ಬಟ್ಟೆಚೀಲ ಕಟ್ಟಿ ಫೋನನ್ನು ಅದರೊಳಗೆ ಇಟ್ಟಿದ್ದರು. ಫೋನ್ ಬಂದರೆ ಕೈಗೆ ತೆಗೆಯುವ ಹಾಗಿಲ್ಲ, ತೆಗೆದರೆ ಕಟ್. ಸ್ಪೀಕರ್ ಹಾಕಿ, ಚೀಲಕ್ಕೆ ಬಾಯಿ ಹತ್ತಿರ ತಂದು ಮಾತಾಡಬೇಕು. ಆ ಮನೆಯ ಅಜ್ಜಿ ಮೊಮ್ಮಗಳ ಹತ್ತಿರ ಒಲೆಯ ಪಕ್ಕ ನಿಂತು ಹಾಗೇ ಮಾತಾಡುತ್ತಿದ್ದರು, ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತಾ. ನಾನು ಅಳೆದು ನೋಡಿದೆ. ಅಂಗಳದಲ್ಲಿ ಮೈನಸ್ 96. ಆ ಕಿಟಕಿಯಲ್ಲಿ ಮೈನಸ್ 104. ನಡುಮನೆಯಲ್ಲಿ ಮೈನಸ್ 121. ಅವರು ಅದಕ್ಕೆ ಮೊದಲೇ ಎರಡು ಸಲ ಪೋರ್ಟ್ ಮಾಡಿಸಿ ಆಗಿತ್ತು! ಕಂಪನಿ ಬದಲಾಯಿತು, ಮಾಡು ಬದಲಾಗಲಿಲ್ಲ. ಕೊನೆಗೆ ಗುಡ್ಡದ ಕಡೆಯ ನಾಲ್ಕು ಶೀಟ್ ಬಿಚ್ಚಿಸಿ, ಬೆಳಕಿಗೆ ಅಂತ ಹಾಕುತ್ತಾರಲ್ಲ, ಆ ಫೈಬರ್ ಶೀಟ್ ಹಾಕಿಸಿದರು. ನಡುಮನೆಯಲ್ಲಿ 121 ಇದ್ದದ್ದು 112ಕ್ಕೆ ಬಂತು. ವಿಡಿಯೊ ಕಾಲ್ ಬರಲಿಲ್ಲ. ಆದರೆ ಮಾತು ಕಟ್ ಆಗುವುದು ನಿಂತಿತು.

ಈ ಅಂಕಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಮುಂದೆ ಬೇಕಾಗುತ್ತದೆ. ಫೋನಿನ ಕಡ್ಡಿಗಳನ್ನು ನಂಬಬೇಡಿ. ಒಂದು ಫೋನಿನ ಎರಡು ಕಡ್ಡಿ ಇನ್ನೊಂದರಲ್ಲಿ ಮೂರು ಕಡ್ಡಿ ಆಗಿರುತ್ತದೆ. ಎಷ್ಟಕ್ಕೆ ಎಷ್ಟು ಕಡ್ಡಿ ಅಂತ ತಯಾರಿಸಿದವರೇ ತಮಗೆ ಬೇಕಾದ ಹಾಗೆ ಇಟ್ಟುಕೊಂಡಿದ್ದಾರೆ. ನಿಜವಾದ ಅಳತೆಯ ಹೆಸರು ಡಿಬಿಎಂ. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಅಂತ ಹೋದರೆ ಸಿಗ್ನಲ್ ಸ್ಟ್ರೆಂತ್ ಕಾಣುತ್ತದೆ. ಕೆಲವು ಫೋನಿನಲ್ಲಿ ಹೆಸರು ಸ್ವಲ್ಪ ಬೇರೆ ಇರುತ್ತದೆ, ಮಗ ಬಂದಾಗ ಹುಡುಕಿಸಿ. ಅಂಕಿ ಮೈನಸ್ಸಿನಲ್ಲಿ ಇರುತ್ತದೆ, ಸೊನ್ನೆಗೆ ಹತ್ತಿರ ಆದಷ್ಟೂ ಒಳ್ಳೆಯದು. 3 ಅಂಕಿ ಇಳಿದರೆ ಸಿಗ್ನಲ್ ಅರ್ಧ ಆಯಿತು ಅಂತ. 10 ಇಳಿದರೆ ಹತ್ತರಲ್ಲಿ ಒಂದು ಪಾಲು ಉಳಿಯಿತು ಅಂತ. 4ಜಿಯಲ್ಲಿ ಮೈನಸ್ 105ರ ವರೆಗೆ ಮಾತಿಗೆ ಏನೂ ತೊಂದರೆ ಇಲ್ಲ. 115 ದಾಟಿದರೆ ಮಾತು ತುಂಡಾಗುತ್ತದೆ. 120ರ ಆಚೆ ನಾಟ್ ರೀಚಬಲ್.

ಇನ್ನು ಪಕ್ಕದ ತೋಟದವರ ವಿಡಿಯೊ ಕಾಲ್. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಅವರ ಜಗಲಿ ನಿಮ್ಮ ಜಗಲಿ ಅಲ್ಲ. ಒಂದು ಟವರಿನಲ್ಲಿ ಸಾಮಾನ್ಯವಾಗಿ ಮೂರು ದಿಕ್ಕಿಗೆ ಆಂಟೆನಾ ಇರುತ್ತವೆ, ಪ್ರತಿಯೊಂದೂ ಸ್ವಲ್ಪ ಕೆಳಕ್ಕೆ ಬಾಗಿರುತ್ತದೆ. ಪೇಟೆ ಮತ್ತು ಹೈವೇ ಕಡೆಗೆ ತಿರುಗಿಸುವುದು ವಾಡಿಕೆ, ಜನ ಇರುವುದು ಅಲ್ಲಿ. ಎರಡು ದಿಕ್ಕಿನ ನಡುವಿನ ಸಂದಿಯಲ್ಲಿ ನಿಮ್ಮ ಮನೆ ಬಿದ್ದರೆ ಮುಗಿಯಿತು. ಎತ್ತರದ ಟವರಿನ ಬುಡದಲ್ಲೇ ಇರುವ ಮನೆಗೂ ಸಿಗ್ನಲ್ ಸರಿಯಾಗಿ ಸಿಗದ ಉದಾಹರಣೆ ಇದೆ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೇ. ನಡುವೆ ಒಂದು ಸಾಲು ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ ಇದ್ದರೂ ವ್ಯತ್ಯಾಸ ಆಗುತ್ತದೆ. ಒದ್ದೆ ಎಲೆ ಒಣ ಎಲೆಗಿಂತ ಜಾಸ್ತಿ ತಡೆಯುತ್ತದೆ. ನನ್ನ ಅನುಭವದಲ್ಲಿ ಮೇ ತಿಂಗಳಲ್ಲಿ ಅಳೆದ ಜಾಗದಲ್ಲೇ ಜುಲೈನಲ್ಲಿ ಅಳೆದರೆ ನಾಲ್ಕೈದು ಅಂಕಿ ಕಡಿಮೆ ಬರುವುದು ಮಾಮೂಲಿ.

ಕಂಪನಿಗೆ ಕಂಪನಿಗೆ ವ್ಯತ್ಯಾಸ ಇಲ್ಲವೇ ಇಲ್ಲ ಅಂತಲೂ ಅಲ್ಲ. ಅದು ಹೆಸರಿನಿಂದ ಬರುವುದಲ್ಲ, ಅವರು ಬಳಸುವ ತರಂಗದಿಂದ ಬರುವುದು. ದೂರದ ಜಾತ್ರೆಯ ಡೊಳ್ಳಿನ ಸದ್ದು ಗುಡ್ಡ ದಾಟಿ ನಮ್ಮ ಮನೆಗೆ ಕೇಳುತ್ತದೆ, ನಾದಸ್ವರ ಕೇಳುವುದಿಲ್ಲ. 700, 850, 900 ಮೆಗಾಹರ್ಟ್ಸ್‌ನ ತರಂಗಗಳು ಡೊಳ್ಳಿನ ಹಾಗೆ. ಮರ, ಗುಡ್ಡದ ಏಣು ಸುತ್ತಿ ಬರುತ್ತವೆ. 1800, 2100, 2300 ನಾದಸ್ವರದ ಹಾಗೆ, ಹತ್ತಿರದಲ್ಲಿ ಚೆನ್ನ. ನಿಮಗೆ ಹತ್ತಿರದ ಟವರಿನಲ್ಲಿ ಯಾವ ಕಂಪನಿ ಯಾವುದನ್ನು ಹಚ್ಚಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಇದೇ ಕಾರಣಕ್ಕೆ ಮಗ ಹೇಳಿದ 5ಜಿ ಫೋನ್ ವಿಚಾರದಲ್ಲಿ ಅವಸರ ಬೇಡ. 2022ರ ಅಕ್ಟೋಬರ್ 1ಕ್ಕೆ ದೇಶದಲ್ಲಿ 5ಜಿ ಶುರುವಾಯಿತು. ಅದರ ವೇಗ ಹೆಚ್ಚಾಗಿ ಬರುವುದು 3300 ಮೆಗಾಹರ್ಟ್ಸ್‌ಗಿಂತ ಮೇಲಿನ ತರಂಗದಿಂದ, ಅದರ ಕೈ ಇನ್ನೂ ಗಿಡ್ಡ. 5ಜಿ ಅಂದರೆ ವೇಗ ಜಾಸ್ತಿ, ದೂರ ಜಾಸ್ತಿ ಅಂತಲ್ಲ. ಸಿಗ್ನಲ್ ತೀರಾ ಕಡಿಮೆ ಇರುವ ಮನೆಯಲ್ಲಿ 5ಜಿ ಆನ್ ಇಟ್ಟರೆ ಫೋನ್ ಸುಮ್ನೆ ಹುಡುಕುತ್ತಾ ಬ್ಯಾಟರಿ ಮುಗಿಸುತ್ತದೆ. ಅಂಥ ಕಡೆ 4ಜಿಗೆ ಇಟ್ಟುಕೊಂಡರೇ ವಾಸಿ. ನಿಮ್ಮ ಈಗಿನ ಫೋನ್ ತುಂಬ ಹಳೆಯದಾಗಿದ್ದು, ಅದರಲ್ಲಿ ವೋಲ್ಟಿಇ, ಅಂದರೆ 4ಜಿಯಲ್ಲೇ ಮಾತಾಡುವ ಸೌಲಭ್ಯ, ಇಲ್ಲದಿದ್ದರೆ ಹೊಸ ಫೋನಿಗೆ ಅರ್ಥ ಇದೆ.

ಬೂಸ್ಟರ್ ಮಾತ್ರ ಬೇಡವೇ ಬೇಡ. ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಸಿಗುತ್ತದೆ ಅಂದ ಮಾತ್ರಕ್ಕೆ ಕಾನೂನು ಒಪ್ಪಿದೆ ಅಂತಲ್ಲ. ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೂ ಬಳಸುವುದೂ ಅಪರಾಧ. ಅದಕ್ಕಿಂತ ನನಗೆ ಬೇಜಾರಾಗುವುದು ಇನ್ನೊಂದಕ್ಕೆ. ಆ ಪೆಟ್ಟಿಗೆ ನಿಮ್ಮ ಸಿಗ್ನಲ್ ಜೊತೆ ಗದ್ದಲವನ್ನೂ ದೊಡ್ಡದು ಮಾಡಿ ಟವರಿಗೆ ಕಳಿಸುತ್ತದೆ. ಆಗ ಅದೇ ಟವರಿನ ಬೇರೆ ಮನೆಗಳ ಫೋನ್ ಹದಗೆಡುತ್ತದೆ. ಮೂಡಿಗೆರೆ ಪೇಟೆಯಲ್ಲೇ ಒಮ್ಮೆ, ಒಂದು ಬೀದಿಯಿಡೀ ಕಾಲ್ ಕಟ್ ಆಗುತ್ತಿದ್ದದ್ದಕ್ಕೆ ಕಾರಣ ಹುಡುಕಲು ನಮಗೆ ಎರಡು ದಿನ ಹಿಡಿಯಿತು. ಒಂದು ಅಂಗಡಿಯ ಅಟ್ಟದಲ್ಲಿ ಇಂಥದ್ದೇ ಪೆಟ್ಟಿಗೆ ಇತ್ತು.

ಈಗ ನಿಮ್ಮ ಎರಡನೇ ತೊಂದರೆಗೆ ಬರುತ್ತೇನೆ. ನನ್ನ ಮಟ್ಟಿಗೆ ಇದೇ ದೊಡ್ಡದು.

ಮಳೆ ಬಂದರೆ ನೆಟ್‌ವರ್ಕ್ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಮಳೆಯ ಹನಿ ನಿಮ್ಮ ಫೋನಿಗೂ ಟವರಿಗೂ ನಡುವಿನ ಸಿಗ್ನಲ್ಲನ್ನು ಹೆಚ್ಚೇನೂ ತಡೆಯುವುದಿಲ್ಲ. ಕೆಡುವುದು ಟವರಿನ ಹಿಂದೆ. ಟವರಿಗೂ ಕರೆಂಟ್ ಬೇಕು. ಮರ ಬಿದ್ದು ಲೈನ್ ಹೋದರೆ ಟವರ್ ಬ್ಯಾಟರಿಯಲ್ಲಿ ಕೆಲವು ಗಂಟೆ ನಡೆಯುತ್ತದೆ. ಆಮೇಲೆ ಡೀಸೆಲ್ ಜನರೇಟರ್ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಜನರೇಟರ್ ಇದ್ದರೂ ದಾರಿಗೆ ಮರ ಬಿದ್ದಿದ್ದರೆ ಡೀಸೆಲ್ ತರುವವರು ಬರುವುದು ಹೇಗೆ? ಇನ್ನೊಂದು, ಟವರಿನಿಂದ ಮಾತು ಮುಂದಕ್ಕೆ ಹೋಗಲು ನೆಲದಡಿಯ ಅಥವಾ ಕಂಬದ ಮೇಲಿನ ಫೈಬರ್ ಕೇಬಲ್ ಇರಬೇಕು. ಇಲ್ಲದಿದ್ದರೆ ಒಂದು ಟವರಿನಿಂದ ಇನ್ನೊಂದು ಟವರಿಗೆ ಮೈಕ್ರೋವೇವ್ ಕೊಂಡಿ ಇರಬೇಕು. ಟವರ್ ಮೇಲೆ ಬಿಳಿ ಡೋಲಿನ ಹಾಗೆ ಕಾಣುತ್ತದಲ್ಲ, ಅದೇ. ಅದರ ತರಂಗ ತುಂಬ ಮೇಲಿನದು, ಜಡಿಮಳೆಗೆ ನಿಜವಾಗಿಯೂ ಸೋಲುತ್ತದೆ. ಆದರೆ ಮಳೆ ತಗ್ಗಿದ ಕೂಡಲೇ ವಾಪಸ್ ಬರುತ್ತದೆ. ಫೈಬರ್ ಹಾಗಲ್ಲ. ಧರೆ ಕುಸಿದೋ ರಸ್ತೆ ಅಗೆದೋ ಕಡಿದರೆ, ಜನ ಹೋಗಿ ಜೋಡಿಸುವ ತನಕ ಇಲ್ಲ.

ಹಾಗಾಗಿ ಹೋದ ಜುಲೈ ನೆನಪು ಮಾಡಿಕೊಳ್ಳಿ. ಫೋನ್ ಹೋದದ್ದು ಕರೆಂಟ್ ಹೋಗಿ ಐದಾರು ಗಂಟೆ ಆದ ಮೇಲೆಯಾ? ಕರೆಂಟ್ ಬಂದ ಸ್ವಲ್ಪ ಹೊತ್ತಿಗೆ ಫೋನೂ ಬಂತಾ? ಹಾಗಿದ್ದರೆ ಅದು ಬ್ಯಾಟರಿ ಮುಗಿದ ಕಥೆ. ಕಡ್ಡಿ ತುಂಬ ಇದ್ದರೂ ಕಾಲ್ ಹೋಗದಿದ್ದರೆ ಅದು ಹೆಚ್ಚಾಗಿ ಹಿಂದಿನ ಕೊಂಡಿ ಕಡಿದ ಕಥೆ. ಇನ್ನೂ ಮುಖ್ಯವಾದ ಪ್ರಶ್ನೆಯನ್ನು ಪಕ್ಕದ ತೋಟದವರಿಗೆ ಕೇಳಿ. ನಿಮ್ಮ ಫೋನ್ ಇಲ್ಲದ ಆ ಮೂರು ದಿನ ಅವರದು ಇತ್ತಾ?

ಯಾಕೆ ಕೇಳಬೇಕು ಅಂದರೆ, ಟವರ್ ಒಂದು ಕಂಬ ಅಷ್ಟೇ. ಒಂದೇ ಕಂಬದ ಮೇಲೆ ಎರಡು ಮೂರು ಕಂಪನಿಗಳು ಬಾಡಿಗೆಗೆ ಆಂಟೆನಾ ಇಡುತ್ತವೆ. ಕೆಳಗಿನ ಕರೆಂಟ್, ಬ್ಯಾಟರಿ, ಡೀಸೆಲ್ ಅನೇಕ ಕಡೆ ಎಲ್ಲರಿಗೂ ಒಂದೇ. ಅವರ ಕಂಪನಿಯೂ ನಿಮ್ಮ ಕಂಪನಿಯೂ ಅದೇ ಕಂಬದ ಮೇಲಿದ್ದರೆ, ಬೇಸಿಗೆಯಲ್ಲಿ ಅವರಿಗೆ ವಿಡಿಯೊ ಕಾಲ್ ಬರಬಹುದು, ಆದರೆ ಜುಲೈನಲ್ಲಿ ಇಬ್ಬರೂ ಒಟ್ಟಿಗೇ ಕತ್ತಲೆಗೆ ಹೋಗುತ್ತೀರಿ. ಪೋರ್ಟ್ ಮಾಡಿಸಿ ಏನು ಬಂತು? ಅದೇ ಅವರ ಫೋನ್ ಆ ಮೂರು ದಿನವೂ ನಡೆದಿದ್ದರೆ, ಅವರಿಗೆ ಸಿಗ್ನಲ್ ಬರುವುದು ಬೇರೆ ಕಂಬದಿಂದ. ಅದು ಚಿನ್ನದಂಥ ಸುದ್ದಿ. ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ಸುತ್ತಮುತ್ತಲಿನ ಟವರ್ ಎಲ್ಲೆಲ್ಲಿವೆ ಅಂತ ನಕ್ಷೆಯಲ್ಲಿ ನೋಡಬಹುದು. 2025ರಿಂದ ಕಂಪನಿಗಳೂ ತಮ್ಮ ವೆಬ್‌ಸೈಟಿನಲ್ಲಿ ಎಲ್ಲಿ 2ಜಿ, 4ಜಿ, 5ಜಿ ಇದೆ ಅಂತ ಬಣ್ಣದ ನಕ್ಷೆ ಹಾಕಿವೆ. ನೋಡಿ, ಆದರೆ ನಿಮ್ಮ ತೋಟದ ಮೇಲೆ ಬಣ್ಣ ಬಿದ್ದಿದೆ ಅಂತ ನಂಬಿ ಕೂರಬೇಡಿ. ಅದು ಕಂಪ್ಯೂಟರ್ ಹಾಕಿದ ಲೆಕ್ಕ. ನಿಮ್ಮ ಮನೆಯ ಶೀಟ್ ಅದಕ್ಕೆ ಗೊತ್ತಿಲ್ಲ.

ಹಾಗಾದರೆ ಪೋರ್ಟ್ ಮಾಡಿಸಬೇಕಾ? ನನ್ನ ಮಾತು ಕೇಳುವುದಾದರೆ, ಈಗಲೇ ಬೇಡ. ಮೊದಲು ಒಂದು ಹೊಸ ಪ್ರೀಪೇಯ್ಡ್ ಸಿಮ್ ತಗೊಂಡು ಫೋನಿನ ಎರಡನೇ ಜಾಗಕ್ಕೆ ಹಾಕಿ. ಪಕ್ಕದವರ ಕಂಪನಿಯದೇ ಆಗಲಿ. ಹದಿನೈದು ದಿನ ಬೆಳಿಗ್ಗೆ, ಸಂಜೆ, ರಾತ್ರಿ, ಅತ್ತೆ ಮಲಗುವ ಕೋಣೆ, ಅಡಿಗೆಮನೆ, ಜಗಲಿ, ಕಣ, ಈ ನಾಲ್ಕು ಜಾಗದಲ್ಲಿ ಎರಡೂ ಸಿಮ್ಮಿನ ಅಂಕಿ ಬರೆದಿಡಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಆದರೂ ಸಾಕು. 4ಜಿಯನ್ನು 4ಜಿ ಜೊತೆಗೇ ಹೋಲಿಸಿ, 2ಜಿಯ ಅಂಕಿಯ ಲೆಕ್ಕ ಬೇರೆ. ಒಂದು ದಿನ ಕರೆಂಟ್ ಹೋದಾಗ ಎರಡೂ ಸಿಮ್ ಎಷ್ಟು ಹೊತ್ತು ಉಳಿಯುತ್ತವೆ ಅಂತಲೂ ನೋಡಿ. ಮಲಗುವ ಕೋಣೆಯಲ್ಲಿ ಈಗ ಮೈನಸ್ 108 ಬಂದರೆ ಖುಷಿ ಪಡಬೇಡಿ, ಮಳೆಗೆ ಅದು 112, 113 ಆಗುತ್ತದೆ ಅಂತ ಲೆಕ್ಕ ಹಿಡಿಯಿರಿ.

ಯಾಕಿಷ್ಟು ಒತ್ತಿ ಹೇಳುತ್ತೇನೆ ಅಂದರೆ, ಒಮ್ಮೆ ಪೋರ್ಟ್ ಆದರೆ 90 ದಿನ ಅಲ್ಲೇ ಇರಬೇಕು. ಜೂನ್ ಮೊದಲ ವಾರ ನೀವು ಹೋಗಿ, ಅದು ಸರಿ ಇಲ್ಲ ಅಂತ ಗೊತ್ತಾದರೆ, ಮತ್ತೆ ಹೊರಬರುವುದು ಸೆಪ್ಟೆಂಬರಿಗೆ. ಒಂದು ಮಳೆಗಾಲ ಪೂರ್ತಿ ಹೋಯಿತು. ಹೊಸ ಸಿಮ್ಮಿಗೆ ಖರ್ಚಾಗುವುದು ಒಂದು ತಿಂಗಳ ಕರೆನ್ಸಿ.

ಹೊಸ ಸಿಮ್ ಆರಿಸುವಾಗ ಎರಡು ವಿಷಯ ನೆನಪಿಡಿ. ಜಿಯೊಗೆ 2ಜಿ, 3ಜಿ ಇಲ್ಲ. 2016ರಲ್ಲಿ ಶುರುವಾದದ್ದೇ 4ಜಿಯಿಂದ. ಹಳೇ 2ಜಿ ಬಟನ್ ಫೋನಿಗೆ ಆ ಸಿಮ್ ನಡೆಯುವುದಿಲ್ಲ, 4ಜಿ ಇರುವ ಬಟನ್ ಫೋನೇ ಬೇಕು. ಏರ್‌ಟೆಲ್, ವಿ (ವೊಡಾಫೋನ್ ಐಡಿಯಾ), ಬಿಎಸ್‌ಎನ್‌ಎಲ್ 2ಜಿ ಇಟ್ಟುಕೊಂಡಿವೆ. ಇನ್ನು ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿಗೆ 2025ರ ಸೆಪ್ಟೆಂಬರ್ 27ಕ್ಕೆ ದೇಶದ ಮಟ್ಟದಲ್ಲಿ ಚಾಲನೆ ಸಿಕ್ಕಿತು. ಅದು 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತದೆ. 700 ಅಂದರೆ ಡೊಳ್ಳು, ಮಲೆನಾಡಿಗೆ ಹೇಳಿ ಮಾಡಿಸಿದ್ದು. ಆದರೆ ಅದನ್ನು ಹಿಡಿಯಲು ನಿಮ್ಮ ಫೋನಿನಲ್ಲಿ ಬ್ಯಾಂಡ್ 28 ಅನ್ನುವುದು ಇರಬೇಕು. ಎಷ್ಟೋ ಹಳೇ ಫೋನುಗಳಲ್ಲಿ ಅದು ಇಲ್ಲ. ಟವರ್ ಬಳಿ 4ಜಿ ಇದ್ದರೂ ಫೋನಿಗೆ ಕೇಳಿಸದೆ, ಜನ "ಇಲ್ಲೇನೂ ಬಂದಿಲ್ಲ" ಅನ್ನುವುದನ್ನು ನೋಡಿದ್ದೇನೆ. ಸಿಮ್ ಕೊಳ್ಳುವ ಮೊದಲು ಫೋನಿನ ಮಾಡೆಲ್ ಹೆಸರು ಹಾಕಿ ಮಗನಿಗೆ ಇದೊಂದನ್ನು ನೋಡಲು ಹೇಳಿ.

ನಿಮ್ಮ ದಾರಿಯಲ್ಲಿ ಕೇಬಲ್‌ನವರ ಫೈಬರ್ ಇಂಟರ್ನೆಟ್ ಬಂದಿದ್ದರೆ, ಮನೆಯೊಳಗಿನ ತೊಂದರೆಗೆ ಅದಕ್ಕಿಂತ ಒಳ್ಳೆಯ ಮದ್ದು ಇಲ್ಲ. ಫೋನಿನಲ್ಲಿ ವೈಫೈ ಕಾಲಿಂಗ್ ಅಂತ ಇರುತ್ತದೆ. ಅದನ್ನು ಆನ್ ಮಾಡಿದರೆ ಟವರ್ ಸಿಗದಿದ್ದರೂ ಅದೇ ನಂಬರಿನಲ್ಲಿ ಮಾಮೂಲಿ ಕಾಲ್ ವೈಫೈ ಮೂಲಕ ಹೋಗುತ್ತದೆ, ಬರುತ್ತದೆ. ಆ ಕಡೆಯವರಿಗೆ ಏನೂ ಗೊತ್ತಾಗುವುದಿಲ್ಲ. ಏರ್‌ಟೆಲ್ ಮತ್ತು ಜಿಯೊ 2019ರ ಕೊನೆ, 2020ರ ಮೊದಲಿನಿಂದ ಇದನ್ನು ಕೊಡುತ್ತಿವೆ, ಬೇರೆ ಯಾರ ಇಂಟರ್ನೆಟ್ ಆದರೂ ನಡೆಯುತ್ತದೆ. ಆನ್ ಮಾಡಿದ ದಿನವೇ ಬ್ಯಾಂಕಿನ ಒಂದು ಓಟಿಪಿ ತರಿಸಿ ನೋಡಿ. ಒಂದೇ ಎಚ್ಚರಿಕೆ, ಕರೆಂಟ್ ಹೋದರೆ ರೂಟರ್ ಸಾಯುತ್ತದೆ. ರೂಟರಿಗೆ ಅಂತಲೇ 12 ವೋಲ್ಟಿನ ಚಿಕ್ಕ ಯುಪಿಎಸ್ ಸಿಗುತ್ತದೆ, ಅದನ್ನೂ ಜೊತೆಗೇ ತನ್ನಿ. ಮರ ಬಿದ್ದು ಕೇಬಲ್ಲೇ ಹರಿದರೆ ಇದೂ ಇಲ್ಲ, ಹಾಗಾಗಿ ಇದೊಂದನ್ನೇ ನೆಚ್ಚಿಕೊಳ್ಳಬಾರದು.

ಹದಿನೈದು ದಿನದ ಲೆಕ್ಕ ನೋಡಿ, ಹೊಸ ಕಂಪನಿಯೇ ಸರಿ ಅಂತ ಗಟ್ಟಿಯಾದರೆ ಪೋರ್ಟ್ ಮಾಡಿಸಿ. ಭಯ ಬೇಡ. 2011ರ ಜನವರಿ 20ರಿಂದ ದೇಶದಲ್ಲೆಲ್ಲ ಈ ವ್ಯವಸ್ಥೆ ಇದೆ, ಕೋಟ್ಯಂತರ ಜನ ಮಾಡಿಸಿಕೊಂಡಿದ್ದಾರೆ. ನಂಬರ್ ಬದಲಾಗುವುದಿಲ್ಲ. ಆಧಾರ್, ಬ್ಯಾಂಕ್, ಗ್ಯಾಸ್ ಎಲ್ಲೂ ಏನೂ ತಿದ್ದಿಸಬೇಕಾಗಿಲ್ಲ.

ಆದರೆ ನಿಮ್ಮ ಮನೆಯಲ್ಲಿ ಒಂದು ತೊಡಕು ಇದೆ. ಸಿಮ್ ಮಾವನವರ ಹೆಸರಿನಲ್ಲಿದೆ. ಮೊದಲು ಈಗಿನ ಕಂಪನಿಯಲ್ಲೇ ನಿಮ್ಮ ಹೆಸರಿಗೆ ಮಾಡಿಸಿ. ಮರಣ ಪ್ರಮಾಣಪತ್ರ, ನಿಮ್ಮ ಗುರುತಿನ ಚೀಟಿ, ಮನೆಯ ವಾರಸುದಾರರ ಒಪ್ಪಿಗೆ ಪತ್ರ ಹಿಡಿದು ಕಂಪನಿಯ ಸ್ವಂತ ಸ್ಟೋರಿಗೇ ಹೋಗಿ, ಬೀದಿಬದಿಯ ಕೊಡೆ ಕೆಳಗೆ ಬೇಡ. ಹೆಸರು ಬದಲಾವಣೆ ನಡೆಯುತ್ತಿರುವಾಗ ಪೋರ್ಟ್ ಅರ್ಜಿ ಹಾಕಿದರೆ ಒಪ್ಪುವುದಿಲ್ಲ. ಆ ಹೊತ್ತಿಗೆ ಸಿಮ್ ಕಾರ್ಡನ್ನೂ ಬದಲಿಸಿ ಕೊಟ್ಟರೆ, 2024ರ ಜುಲೈ 1ರಿಂದ ಬಂದ ನಿಯಮದ ಪ್ರಕಾರ 7 ದಿನ ಪೋರ್ಟ್ ಕೋಡ್ ಸಿಗುವುದಿಲ್ಲ. ಆದ್ದರಿಂದ ಈ ಕೆಲಸ ಈ ವಾರವೇ ಶುರು ಮಾಡಿ. ನೀವು ಪೋರ್ಟ್ ಮಾಡಿಸದಿದ್ದರೂ ಇದು ಆಗಲೇಬೇಕಾದ ಕೆಲಸ. ನಾಳೆ ಸಿಮ್ ಕಳೆದುಹೋದರೆ ಡೂಪ್ಲಿಕೇಟ್ ಕೊಡಿ ಅಂತ ಕೇಳಲು ಮಾವನವರು ಬರುವುದಿಲ್ಲವಲ್ಲ.

ಮುಂದಿನದು ಸುಲಭ. ಪೋರ್ಟ್ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಿಮ್ಮ ಹತ್ತು ಅಂಕಿಯ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿ. 8 ಅಕ್ಷರದ ಒಂದು ಕೋಡ್ ಬರುತ್ತದೆ, ಯುಪಿಸಿ ಅಂತ. ನಮ್ಮ ಕಡೆ ಅದಕ್ಕೆ 4 ದಿನ ಆಯುಷ್ಯ. ಅದರೊಳಗೆ ಹೊಸ ಕಂಪನಿಯ ಸ್ಟೋರಿನಲ್ಲಿ ಕೋಡ್ ಮತ್ತು ಆಧಾರ್ ಕೊಟ್ಟರೆ ಹೊಸ ಸಿಮ್ ಕೊಡುತ್ತಾರೆ. ಕೆಲಸದ ದಿನ ಲೆಕ್ಕದಲ್ಲಿ 3 ದಿನದೊಳಗೆ ಬದಲಾಗುತ್ತದೆ. ಬದಲಾಗುವ ಹೊತ್ತಿಗೆ ನಾಲ್ಕು ಗಂಟೆಯ ವರೆಗೆ ಫೋನ್ ಸತ್ತಂತೆ ಇರಬಹುದು, ಗಾಬರಿ ಬೇಡ. ಹಳೇ ಸಿಮ್ಮಿನಲ್ಲಿ ಉಳಿದ ಕರೆನ್ಸಿ ಮಾತ್ರ ಹೋಯಿತು, ಅದು ಹೊಸದಕ್ಕೆ ಬರುವುದಿಲ್ಲ. ಹಾಗಾಗಿ ವರ್ಷದ ಪ್ಯಾಕ್ ಹಾಕಿಸಿದ ಮರುವಾರ ಪೋರ್ಟ್ ಮಾಡಿಸಬೇಡಿ. ಫೋನ್‌ಪೇ, ಗೂಗಲ್‌ಪೇ ಇದ್ದರೆ ಹೊಸ ಸಿಮ್ ಹಾಕಿದ ಮೇಲೆ ಮತ್ತೆ ನೋಂದಣಿ ಕೇಳುತ್ತವೆ. ಅದಕ್ಕೆ ಫೋನಿನಿಂದ ಒಂದು ಮೆಸೇಜ್ ಹೋಗಬೇಕು, ಮೆಸೇಜ್ ಇರುವ ಪ್ಯಾಕನ್ನೇ ಹಾಕಿಸಿ. ಕೂಲಿ ಬಟವಾಡೆಯ ದಿನ ಇದನ್ನು ಇಟ್ಟುಕೊಳ್ಳಬೇಡಿ.

ಆ 8 ಅಕ್ಷರದ ಕೋಡನ್ನು ಸ್ಟೋರಿನಲ್ಲಿ ಬಿಟ್ಟು ಬೇರೆ ಯಾರಿಗೂ ಹೇಳಬೇಡಿ. "ನಿಮ್ಮ ಸಿಮ್ ಬಂದ್ ಆಗುತ್ತದೆ, ಬಂದ ಕೋಡ್ ಹೇಳಿ" ಅಂತ ಫೋನ್ ಬಂದರೆ ಇಟ್ಟುಬಿಡಿ. ಆ ಕೋಡ್ ಸಿಕ್ಕಿದವರು ಹದಿನೈದು ವರ್ಷದ ನಂಬರನ್ನೇ ತಮ್ಮ ಕೈಗೆ ತೆಗೆದುಕೊಳ್ಳಲು ನೋಡುತ್ತಾರೆ, ಅದರ ಹಿಂದೆ ನಿಮ್ಮ ಬ್ಯಾಂಕ್ ಖಾತೆ ಇದೆ.

ಪೋರ್ಟ್ ಮಾಡಿಸುವ ಮೊದಲು ಅಥವಾ ಮಾಡಿಸದೆಯೂ ಇನ್ನೊಂದು ಮಾಡಿ. 198ಕ್ಕೆ ಫೋನ್ ಮಾಡಿ ಈಗಿನ ಕಂಪನಿಗೆ ದೂರು ಕೊಟ್ಟು, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಸುಮ್ಮನೆ ನೆಟ್‌ವರ್ಕ್ ಇಲ್ಲ ಅನ್ನಬೇಡಿ. "ಕರೆಂಟ್ ಹೋಗಿ ಇಷ್ಟು ಗಂಟೆಗೆ ಟವರ್ ನಿಲ್ಲುತ್ತದೆ, ಇಂಥ ತಾರೀಖಿನಿಂದ ಇಂಥ ತಾರೀಖಿನ ತನಕ ಇರಲಿಲ್ಲ" ಅಂತ ಹೇಳಿ. ಒಳಗೆ ಕೂತು ಆ ದೂರು ನೋಡಿದವನಾಗಿ ಹೇಳುತ್ತೇನೆ, ತಾರೀಖು ಮತ್ತು ಗಂಟೆ ಇರುವ ದೂರು ಬ್ಯಾಟರಿ ನೋಡುವವರ ಕೈಗೆ ಹೋಗುತ್ತದೆ. ಬರೀ ನೆಟ್‌ವರ್ಕ್ ಇಲ್ಲ ಅಂದರೆ ಫೋನ್ ಆಫ್ ಮಾಡಿ ಆನ್ ಮಾಡಿ ಅಂತ ಹೇಳಿ ಮುಗಿಸುತ್ತಾರೆ. ಒಂದೇ ಟವರ್ ನಂಬಿದ ಹತ್ತು ಮನೆಯವರು ಒಂದೇ ವಾರ ದೂರು ಕೊಟ್ಟರೆ ಇನ್ನೂ ಒಳ್ಳೆಯದು. ಉತ್ತರ ಸಮಾಧಾನ ಆಗದಿದ್ದರೆ ಆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನದೊಳಗೆ ಬರೆಯಬಹುದು.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಗುಡ್ಡದ ಕಡೆಯ ಎರಡು ಮೂರು ಶೀಟ್ ಈಗಲೇ ಫೈಬರಿಗೆ ಬದಲಿಸುತ್ತಿದ್ದೆ, ಮಳೆ ಹಿಡಿದ ಮೇಲೆ ಮಾಡಿನ ಮೇಲೆ ಹತ್ತುವವರು ಸಿಗುವುದಿಲ್ಲ. ಹಳೇ ನಂಬರನ್ನು ಈ ಮಳೆಗಾಲಕ್ಕೆ ಹಾಗೇ ಬಿಟ್ಟು, ಬೇರೆ ಕಂಬದಿಂದ ಸಿಗ್ನಲ್ ಬರುವ ಕಂಪನಿಯದೊಂದು ಎರಡನೇ ಸಿಮ್ ಇಟ್ಟುಕೊಳ್ಳುತ್ತಿದ್ದೆ. ಬರೀ ಮಾತಿಗೆ ಮತ್ತು ಮೆಸೇಜಿಗೆ ಅಂತ, ಡೇಟಾ ಇಲ್ಲದ ಪ್ಯಾಕುಗಳನ್ನು 2025ರಿಂದ ಕಂಪನಿಗಳು ಕೊಡಲೇಬೇಕು, ಎರಡನೇ ಸಿಮ್ಮಿಗೆ ಅದು ಸಾಕು. ಎರಡು ಸಿಮ್ಮಿನ ಖರ್ಚು ಅಂತ ಅನ್ನಿಸಬಹುದು. ಎಂಬತ್ತು ದಾಟಿದ ಜೀವ ಮನೆಯಲ್ಲಿ ಇರುವಾಗ ನಾನು ಆ ಖರ್ಚಿಗೆ ಹಿಂದೆ ಮುಂದೆ ನೋಡುವುದಿಲ್ಲ.

ಅತ್ತೆಯವರ ಬಟನ್ ಫೋನ್ ತೆಗೆಯಬೇಡಿ. 2ಜಿ ಕೆಳಗಿನ ತರಂಗದಲ್ಲಿ ಇರುವ ಕಡೆ 4ಜಿ ಸಿಗದ ಜಾಗದಲ್ಲೂ ಅದು ಸಿಗುವುದುಂಟು, ಬ್ಯಾಟರಿಯೂ ನಾಲ್ಕೈದು ದಿನ ಬರುತ್ತದೆ. ನಮ್ಮ ಕಂಪನಿ ಸಿಗ್ನಲ್ ಇಲ್ಲ ಅಂದ ಕೂಡಲೇ ಅದನ್ನು ಪಕ್ಕಕ್ಕೆ ಇಡುತ್ತಾರೆ ಜನ. ಆದರೆ ತುರ್ತು ನಂಬರ್ 112ಕ್ಕೆ ಮಾಡಿದರೆ ಫೋನ್ ಯಾವ ಕಂಪನಿಯ ಟವರ್ ಸಿಕ್ಕರೂ ಅದನ್ನು ಹಿಡಿಯಲು ನೋಡುತ್ತದೆ. ನಮ್ಮ ಕಂಪನಿಯದೇ ಆಗಬೇಕು ಅಂತಿಲ್ಲ. ಸಿಮ್ ಹಾಕಿಯೇ ಇರಲಿ, ಕರೆನ್ಸಿ ಮುಗಿದಿದ್ದರೂ ಪರವಾಗಿಲ್ಲ. ಆ ಫೋನ್ ಚಾರ್ಜ್ ಮಾಡಿ, ನಿಮ್ಮ ಹದಿನೈದು ದಿನದ ಲೆಕ್ಕದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಸಿಗ್ನಲ್ ಸಿಕ್ಕ ಕಿಟಕಿ ಯಾವುದೋ, ಅದರ ಪಕ್ಕದ ಗೋಡೆಗೆ ಒಂದು ಮೊಳೆ ಹೊಡೆದು ಅಲ್ಲೇ ನೇತುಹಾಕಿ. ಪಕ್ಕದಲ್ಲಿ ಮೂಡಿಗೆರೆ ಆಸ್ಪತ್ರೆಯ ನಂಬರ್, ಜೀಪ್ ಇರುವ ಅಕ್ಕಪಕ್ಕದವರ ನಂಬರ್, ಮಗನ ನಂಬರ್ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ. ಕತ್ತಲಲ್ಲಿ ಹುಡುಕುವ ಹಾಗೆ ಆಗಬಾರದು. ಹದಿನೈದು ದಿನದ ಅಂಕಿ ಬರೆದಾದ ಮೇಲೆ ನನಗೂ ಕಳಿಸಿ, ಯಾವ ಕಂಬದಿಂದ ಬರುತ್ತಿದೆ ಅಂತ ಒಟ್ಟಿಗೆ ಕೂತು ನೋಡೋಣ.